ಸಾವಯವ ಸೌರಕೋಶ: ಅಳತೆಯ ಮೇಲೆಯೇ ಅನುಮಾನ

ಸಿಲಿಕಾನ್ ಬದಲು ಇಂಗಾಲದ ಸಂಯುಕ್ತಗಳನ್ನು ತೆಳುವಾಗಿ ಲೇಪಿಸಿ ತಯಾರಿಸುವ ಸಾವಯವ ಸೌರಕೋಶಗಳ ದಕ್ಷತೆ, ಎರಡು ದಶಕಗಳಲ್ಲಿ ಶೇ. 5ರ ಆಸುಪಾಸಿನಿಂದ ಶೇ. 19ನ್ನು ದಾಟಿದೆ. ಆದರೆ ಒಂದು ಪ್ರಯೋಗಾಲಯದ ಅಂಕಿ ಇನ್ನೊಂದರಲ್ಲಿ ನಿಲ್ಲುವುದೇ ಎಂಬುದು ಹಳೆಯ ತಕರಾರು.

ಪ್ರಯೋಗದ ಕೋಶ ಹಲವು ಬಾರಿ ಕೆಲವೇ ಚದರ ಮಿಲಿಮೀಟರಿನದು. 2 ಮಿ.ಮೀ. ಬದಿಯ ಚೌಕದ ಸುತ್ತ ಕೇವಲ 0.1 ಮಿ.ಮೀ. ಅಂಚೂ ವಿದ್ಯುತ್ ನೀಡಿ, ಅದನ್ನು ವಿಸ್ತೀರ್ಣದ ಲೆಕ್ಕಕ್ಕೆ ಹಿಡಿಯದಿದ್ದರೆ ಶೇ. 10ರ ದಕ್ಷತೆ ಶೇ. 12 ಆಗಿ ಕಾಣುತ್ತದೆ! ನಿಖರ ರಂಧ್ರವುಳ್ಳ ಕಪ್ಪು ತಗಡು ಮುಚ್ಚಿ ಅಳೆದರೆ ಈ ಉಬ್ಬರ ಇಳಿಯುತ್ತದೆ. ದೀಪದ್ದೂ ತೊಡಕೇ. ಚದರ ಮೀಟರಿಗೆ 1000 ವ್ಯಾಟ್ ಎಂಬ ಮಾನದಂಡ ಒಂದೇ ಆದರೂ, ಬೆಳಕಿನ ಬಣ್ಣಗಳ ಹಂಚಿಕೆ ಬದಲಾದರೆ ಫಲಿತಾಂಶವೂ ಬದಲು.

ಸಾಗಣೆಯಲ್ಲಿ ಕೋಶವೇ ಕೆಡಬಹುದಾದ್ದರಿಂದ ದೋಷ ಕೋಶದ್ದೋ ಅಳತೆಯದ್ದೋ ಎಂದು ಹೇಳುವುದು ಕಷ್ಟ. 18 ಪ್ರಯೋಗಾಲಯಗಳು ಪಾಲ್ಗೊಂಡು 2009ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸರಳ ಉಪಾಯ ಹೂಡಿತು. ಪ್ಲಾಸ್ಟಿಕ್ ಪದರದಲ್ಲಿ ಭದ್ರಪಡಿಸಿದ ಫಲಕಗಳನ್ನು ಡೆನ್ಮಾರ್ಕಿನ ರಿಸೊದಲ್ಲಿ ಅಳೆದು ಅಂಚೆಯಲ್ಲಿ ಕಳುಹಿಸಲಾಯಿತು. ಮರಳಿದೊಡನೆ ಅಲ್ಲಿಯೇ ಮತ್ತೆ ಅಳೆಯಲಾಯಿತು. ನಾಲ್ಕು ತಿಂಗಳಲ್ಲಿ ಸವೆತದ ಪಾಲು ಅಲ್ಪವೆಂದು ಕಂಡುಬಂತು.

2011ರಲ್ಲಿ ಬಾಳಿಕೆಯ ಪರೀಕ್ಷೆಗೆ ಐಸಾಸ್ ನಿಯಮಾವಳಿಯೂ ಬಂತು. ಅದು ವಿಜ್ಞಾನಿಗಳ ಒಮ್ಮತದ ಶಿಫಾರಸು, ಕಡ್ಡಾಯವಲ್ಲ.