ನಮ್ಮೂರಲ್ಲಿ ಎಷ್ಟು ಅಕ್ಷರ?

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಬಸ್ಸಿನ ಬೋರ್ಡಿನ ಮೇಲೆ ಈ ಹೆಸರುಗಳನ್ನ ಕೂಡಿಸಿ ಕೂಡಿಸಿ ಓದಿಯೇ ನಾನು ಅಕ್ಷರ ಕಲಿತದ್ದು. ಹೋದ ತಿಂಗಳು ಅವೇ ನನಗೆ ಇನ್ನೊಂದು ಪಾಠ ಕಲಿಸಿದವು.

ಕನ್ನಡದಲ್ಲಿ ಲೇಬಲ್ ಪ್ರಿಂಟ್ ಮಾಡೋಕೆ ಒಂದು ಪುಟ್ಟ ಲೈಬ್ರರಿ ಬರೆದಿದ್ದೆ. ಡಾಕ್ಯುಮೆಂಟೇಶನ್ನೂ ಕನ್ನಡದಲ್ಲೇ. ಅದರಲ್ಲೊಂದು ಸಾಲು: "ಮಿತಿ ಕೊಡದಿದ್ದರೆ, ಹೆಸರಿನ ಮೊದಲ 10 ಅಕ್ಷರ ಮಾತ್ರ ಮುದ್ರಣವಾಗುತ್ತದೆ."

ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ನೋಡ್ಕೊಳ್ಳೋ ನನ್ನ ಚಿಕ್ಕಪ್ಪನ ಮಗನಿಗೆ ಕಂಪ್ಯೂಟರ್ ಹುಚ್ಚು. ಮೂಟೆಗೆ ಅಂಟಿಸೋ ಚೀಟಿಗೆ ಇದನ್ನ ಬಳಸಿದ. ಸಾಲು ಓದಿ ಬೆರಳು ಮಡಚಿ ಎಣಿಸಿದ: ಚ, ನ್ನ, ರಾ, ಯ, ಪ, ಟ್ಟ, ಣ. ಏಳೇ, ತೊಂದರೆ ಇಲ್ಲ. ಹಾಸನ, ಅರಕಲಗೂಡು ಸರಿಯಾಗೇ ಬಂದವು. ಆಮೇಲೆ "ಹೊಳೆನರಸೀಪು" ಬಂತು, "ಚನ್ನರಾಯಪಟ್" ಬಂತು! ರಾತ್ರಿಯೆಲ್ಲಾ ತನ್ನ ಕೋಡಲ್ಲೇ ತಪ್ಪು ಹುಡುಕಿ, ಬೆಳಿಗ್ಗೆ ಫೋನ್ ಮಾಡಿದ: "ಕನ್ನಡ ಇದ್ರಲ್ಲಿ ಸರಿಯಾಗಿ ಬರಲ್ಲ ಬಿಡಣ್ಣ, ಇಂಗ್ಲಿಷಲ್ಲಿ ಸಿ.ಆರ್. ಪಟ್ನ ಅಂತ ಹಾಕ್ಕೋತೀನಿ."

ಕನ್ನಡದ್ದೇನೂ ತಪ್ಪಿರಲಿಲ್ಲ. ಕೋಡೂ ನಾನಂದುಕೊಂಡ ಹಾಗೇ ಕೆಲಸ ಮಾಡಿತ್ತು. ತಪ್ಪಿದ್ದು ನಾನು ಬರೆದ 'ಅಕ್ಷರ' ಅನ್ನೋ ಪದ. ಚನ್ನರಾಯಪಟ್ಟಣ ಮೇಷ್ಟ್ರ ಲೆಕ್ಕದಲ್ಲಿ 7. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆಗೂ, ಒತ್ತು ಕೂಡಿಸೋ ಹಲಂತಕ್ಕೂ ಬೇರೆ ಬೇರೆ ಸಂಖ್ಯೆ ಇದೆ. ಹಾಗಾಗಿ ಪೈಥಾನ್ 3ರ 'ಲೆನ್' ಅದನ್ನ 12 ಅನ್ನುತ್ತೆ. ಯುಟಿಎಫ್-8ರಲ್ಲಿ ಇವು ಒಂದೊಂದಕ್ಕೂ 3 ಬೈಟು ಬೇಕು, ಆದ್ದರಿಂದ ಗೋ ಭಾಷೆಯ 'ಲೆನ್' 36 ಅನ್ನುತ್ತೆ. ಮೂರಕ್ಕೂ ನಾವು ಅಕ್ಷರ ಅಂತಲೇ ಬರೆದರೆ ಓದೋನು ಮೇಷ್ಟ್ರ ಲೆಕ್ಕವನ್ನೇ ನಂಬ್ತಾನೆ. ನಂಬಲೂ ಬೇಕು.

ಹಾಗಂತ ಕೋಡ್ ಪಾಯಿಂಟಿಗೆ 'ಸಂಕೇತಬಿಂದು' ಅಂತ ಪದ ಹೊಸೆಯೋದೂ ನನಗೆ ಹಿಡಿಸಲ್ಲ. ಅದನ್ನ ಓದಿದೋನು ಮತ್ತೆ ಇಂಗ್ಲಿಷ್ ಪದ ಯಾವುದಿರಬಹುದು ಅಂತ ಊಹಿಸುತ್ತಾ ಕೂರಬೇಕು. ಬೈಟು ಬೈಟೇ ಆಗಿರಲಿ, ಕೋಡ್ ಪಾಯಿಂಟ್ ಹಾಗೇ ಇರಲಿ. ಅಕ್ಷರ ಅನ್ನೋದನ್ನ ಮಾತ್ರ ಒಂದನೇ ಕ್ಲಾಸಿನ ಅರ್ಥಕ್ಕೇ ಮೀಸಲಿಡೋಣ. ಪಕ್ಕದಲ್ಲೊಂದು ಊರಿನ ಹೆಸರಿಟ್ಟು ಎಣಿಸಿ ತೋರಿಸಿದರೆ ಇನ್ನೂ ಒಳ್ಳೇದು.

ಆಮೇಲೆ ತಿದ್ದಿದರಾಯ್ತು ಅಂತೀರಾ? ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ 'ಕನ್ನಡ ಲೆಟರ್ ಫ' ಅಂತ ತಪ್ಪು ಹೆಸರು ಬಿತ್ತು. ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನೋದು ಅಲ್ಲಿಯ ನಿಯಮ. ಸರಿಯಾದ ಹೆಸರನ್ನ ಪಕ್ಕದಲ್ಲಿ ಸೇರಿಸಿದ್ದಾರೆ, ತಪ್ಪು ಹೆಸರು ಇವತ್ತಿಗೂ ಹಾಗೇ ಇದೆ.

ನನ್ನ ಸಾಲನ್ನಂತೂ "10 ಕೋಡ್ ಪಾಯಿಂಟ್" ಅಂತ ತಿದ್ದಿ, ಕೆಳಗೆ "ಚನ್ನರಾಯಪಟ್ಟಣ: 7 ಅಕ್ಷರ, 12 ಕೋಡ್ ಪಾಯಿಂಟ್" ಅಂತ ಉದಾಹರಣೆ ಹಾಕಿದೆ. ತಮ್ಮ ಮಿತಿ ಹೆಚ್ಚಿಸಿಕೊಂಡ. ಮೂಟೆ ಮೇಲೆ ಈಗ ಊರಿನ ಹೆಸರು ಪೂರ್ತಿ ಇದೆ, ಕನ್ನಡದಲ್ಲೇ.

ನೀವೇನಂತೀರಿ? ನಿಮ್ಮೂರಿನ ಹೆಸರನ್ನೂ ಒಮ್ಮೆ ಎಣಿಸಿ ನೋಡಿ.