ಅಳೆಯದೆ ಬರೆದ ಅಳತೆ

ಕನ್ನಡ ನಾಡಿನ ತಾಂತ್ರಿಕ ಶಿಕ್ಷಣದ ಇತಿಹಾಸದಲ್ಲಿ 1917 ಸ್ಮರಣೀಯ ವರ್ಷ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದುದು ಆಗಲೇ. ಪ್ರಜೆಗಳ ತೆರಿಗೆಯ ಹಣದಿಂದ ನಡೆಯುವ ಇಂತಹ ವಿದ್ಯಾಲಯಗಳಿಂದಾಗಿ ಎಷ್ಟೋ ಬಡ ಮನೆಗಳ ಮಕ್ಕಳು ಇಂಜಿನಿಯರುಗಳಾದರು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ಕರ್ನಾಟಕವು ಶಾಸನವನ್ನೇ ಮಾಡಬೇಕಾಯಿತೆಂಬುದನ್ನು ನೆನೆದರೆ, ಹಣವಿಲ್ಲದವನಿಗೆ ಸರ್ಕಾರಿ ವಿದ್ಯಾಲಯದ ಬಾಗಿಲು ಎಷ್ಟು ಅಮೂಲ್ಯವೆಂಬುದು ಮನವರಿಕೆಯಾಗುತ್ತದೆ. ಆದರೆ ಬಾಗಿಲು ತೆರೆದಷ್ಟರಿಂದಲೇ ಕರ್ತವ್ಯ ಮುಗಿಯಿತೆ? ಎಲೆ ಹಾಕಿ ಅನ್ನ ಬಡಿಸದಿದ್ದರೆ ಪಂಕ್ತಿಯಲ್ಲಿ ಕುಳಿತವನ ಹಸಿವು ಹಿಂಗೀತೆ?

ಅನುದಾನದ ಕೊರತೆಯಿರುವ ವಿದ್ಯಾಲಯದಲ್ಲಿ ವಿದ್ಯಾರ್ಥಿಯ ಪಾಡನ್ನು ಗಮನಿಸಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು ಇಂಗ್ಲಿಷಿನ ಪಾಠಗಳೊಡನೆ ಹೆಣಗುತ್ತಾನೆ. ಸಂದೇಹ ಕೇಳೋಣವೆಂದರೆ ಖಾಯಂ ಅಧ್ಯಾಪಕರ ಹುದ್ದೆ ಖಾಲಿ. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಇರುವರೋ ಇಲ್ಲವೋ ಅವರಿಗೇ ತಿಳಿಯದು. ಇವೆಲ್ಲಕ್ಕಿಂತ ಹೆಚ್ಚಿನ ಹಾನಿಯಾಗುವುದು ಪ್ರಯೋಗಶಾಲೆಯಲ್ಲಿ.

ಉಕ್ಕಿನ ಸರಳನ್ನು ಯಂತ್ರದಲ್ಲಿ ಬಿಗಿದು ಎಳೆಯುವ ಪರೀಕ್ಷೆಯೊಂದುಂಟು. ಭಾರ ಏರಿದಂತೆ ಸರಳು ಸ್ವಲ್ಪಸ್ವಲ್ಪವೇ ಉದ್ದವಾಗುತ್ತದೆ. ಒಂದು ಹಂತದಲ್ಲಿ ಭಾರವನ್ನು ಹೆಚ್ಚಿಸದಿದ್ದರೂ ಹಿಗ್ಗುತ್ತದೆ. ಕಡೆಗೆ ನಡುವೆ ಸಣ್ಣಗಾಗಿ ಫಟ್ಟನೆ ತುಂಡಾಗುತ್ತದೆ. ಆ ಸದ್ದನ್ನು ಕೇಳಿದವನು ಉಕ್ಕಿನ ಸ್ವಭಾವವನ್ನು ಜನ್ಮದಲ್ಲಿ ಮರೆಯನು. ಯಂತ್ರ ಕೆಟ್ಟಿದ್ದು ದುರಸ್ತಿಗೆ ಹಣವಿಲ್ಲದಿದ್ದರೆ ಆಗುವುದೇನು? ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ಅಂಕಿಗಳು ನಕಲಾಗುತ್ತವೆ. ಮೇಲೆ ಸಹಿಯೂ ಬೀಳುತ್ತದೆ. ಇಲ್ಲಿ ವಿದ್ಯಾರ್ಥಿಗೆ ನಷ್ಟವಾದುದು ಒಂದು ಪಾಠವಷ್ಟೇ ಅಲ್ಲ; ಅಸತ್ಯವನ್ನು ಅಂಕಿಗಳಲ್ಲಿ ಬರೆಯುವ ಅಭ್ಯಾಸವೂ ಆಯಿತು. ಇಂದು ಅಳೆಯದ ಅಳತೆಯನ್ನು ಬರೆದ ಕೈಯೇ ನಾಳೆ ಸೇತುವೆಯ ಅಳತೆ ಪುಸ್ತಕಕ್ಕೆ ಸಹಿ ಹಾಕಬೇಕಾದ ಕೈ. ಆ ಸೇತುವೆಯ ಮೇಲೆ ನಡೆಯುವವರು ಬಡವರೂ ಹೌದು, ಬಲ್ಲಿದರೂ ಹೌದು.

ಕಷ್ಟವೇ ಗುರು, ವಿಶ್ವೇಶ್ವರಯ್ಯನವರೂ ಬಡತನದಲ್ಲಿಯೇ ಓದಲಿಲ್ಲವೆ ಎಂದು ಸಮಾಧಾನ ಹೇಳುವವರಿದ್ದಾರೆ. ಮನೆಪಾಠ ಹೇಳಿ ಅವರು ಬೆಂಗಳೂರಿನಲ್ಲಿ ಓದಿದುದು ನಿಜ. ಆದರೆ ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದಲೇ ಅವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದರೆಂಬುದನ್ನು ಮರೆಯಬಾರದು. ಪ್ರತಿಭೆ ಅವರದು, ಅದಕ್ಕೆ ನೀರೆರೆದುದು ರಾಜ್ಯದ ಬೊಕ್ಕಸ.

ಅವರು ಕಟ್ಟಿದ ಆ ಹಳೆಯ ಕಾಲೇಜಿಗೆ 2021ರ ಶಾಸನವು ಸ್ವತಂತ್ರ ವಿಶ್ವವಿದ್ಯಾಲಯದ ಪದವಿಯನ್ನು ನೀಡಿತು. ಇದು ಸಂತೋಷದ ಸಂಗತಿ. ಆದರೆ ಯಾವ ವಿದ್ಯಾಲಯವೇ ಆಗಲಿ, ಪದವಿಯೊಡನೆ ಪದಾರ್ಥವೂ ಬೇಕು. ಖಾಲಿ ಹುದ್ದೆಗಳನ್ನು ತುಂಬುವುದು, ಯಂತ್ರಗಳ ಖರೀದಿಗೆ ಮಾತ್ರವಲ್ಲದೆ ದುರಸ್ತಿಗೂ ಪ್ರತಿವರ್ಷ ಹಣ ತೆಗೆದಿರಿಸುವುದು, ಕನ್ನಡದ ಮಕ್ಕಳಿಗೆ ಮೊದಲ ವರ್ಷ ಭಾಷೆಯ ನೆರವು ನೀಡುವುದು ಸರ್ಕಾರದ ಹೊಣೆ. ಹಳೆಯ ವಿದ್ಯಾರ್ಥಿಗಳ ಕೊಡುಗೆ ಶ್ಲಾಘ್ಯವೇ. ಅದು ಊಟಕ್ಕೆ ಉಪ್ಪಿನಕಾಯಿಯಾದೀತೇ ಹೊರತು ಅನ್ನವಾಗದು. ಶುಲ್ಕ ಅಗ್ಗವಾಗಿರಲಿ, ವಿದ್ಯೆ ಅಗ್ಗವಾಗದಿರಲಿ.