ಸೀಳಿದ ಫ್ರೇಮು ಗುಜರಿಗೇ ಏಕೆ?

ಸೈಕಲ್ಲಿನ ಫ್ರೇಮು ಸೀಳಿದೊಡನೆ ‘ಇದು ಇನ್ನಾಗದು, ಹೊಸದು ಕೊಳ್ಳಿ’ ಎಂಬ ತೀರ್ಪು ಪೇಟೆಯ ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ. ಬಿರುಕು ಎಲ್ಲಿದೆ, ಲೋಹ ಯಾವುದು ಎಂದು ನೋಡುವ ವ್ಯವಧಾನವೂ ಇರುವುದಿಲ್ಲ. ಮಾರುವವನೇ ವೈದ್ಯನಾದರೆ ರೋಗಿ ಬದುಕುವುದುಂಟೆ?

ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬೆಟ್ಟ ಉಳಿಯಲೆಂದು ಅಂದು ದನಿಯೆತ್ತಿದ ಮಲೆನಾಡಿನಲ್ಲೇ ಇಂದು ಬೆರಳಗಲದ ಬಿರುಕಿಗಾಗಿ ಇಡೀ ಫ್ರೇಮನ್ನು ತೂಕಕ್ಕೆ ಹಾಕುವುದು ವಿಪರ್ಯಾಸ. ಹೊಸ ಉಕ್ಕಿಗೆ ಅದಿರು ಬೇಕು. ಅದಿರು ಯಾವುದೋ ಊರಿನವರ ಬೆಟ್ಟದ ಹೊಟ್ಟೆಯಿಂದಲೇ ಬರಬೇಕು. ಒಂದು ಟನ್ ಉಕ್ಕು ತಯಾರಾಗುವಾಗ ಸರಾಸರಿ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿಯೂ ಕರಗಿ ಮತ್ತೆ ಉಕ್ಕಾಗುತ್ತದಲ್ಲ ಎಂಬ ವಾದವುಂಟು. ಆಗುತ್ತದೆ, ನಿಜ, ಆದರೆ ಇಡೀ ಫ್ರೇಮನ್ನು ಕುಲುಮೆಯಲ್ಲಿ ಕರಗಿಸುವುದಕ್ಕೂ ಒಂದು ಸಂದನ್ನು ಬೆಸೆಯುವುದಕ್ಕೂ ಹೋಲಿಕೆಯೇ ಇಲ್ಲ.

ಹಳ್ಳಿಗಳ ಹಳೆಯ ಕರಿ ಸೈಕಲ್ಲುಗಳ ಫ್ರೇಮು ಸಾದಾ ಉಕ್ಕಿನದು. ಅದರ ಕೊಳವೆಗಳನ್ನು ಲಗ್ಗುಗಳಲ್ಲಿ ಸೇರಿಸಿ, ಹಿತ್ತಾಳೆ ಕರಗಿಸಿ ಕೂಡಿಸಿರುತ್ತಾರೆ. ಕೂಡಿಸಿದ ಬಗೆಯಲ್ಲೇ ದುರಸ್ತಿಯೂ ಸಾಧ್ಯ: ಬಣ್ಣ, ತುಕ್ಕು ಕೆರೆದು, ಗ್ಯಾಸಿನ ಜ್ವಾಲೆಯಲ್ಲಿ ಹಿತ್ತಾಳೆ ಕಡ್ಡಿಯಿಂದ ಬೆಸೆಯಬಹುದು. ಗೇಟು, ಗ್ರಿಲ್ಲಿಗೆ ಹೊಡೆಯುವಂತೆ ಕರೆಂಟ್ ವೆಲ್ಡಿಂಗ್ ಹೊಡೆದರೆ ತೆಳುವಾದ ಕೊಳವೆ ತೂತುಬೀಳುತ್ತದೆ. ಫ್ರೇಮಿಗೆ ವೆಲ್ಡಿಂಗ್ ನಿಲ್ಲದೆಂಬ ಅಪವಾದ ಹುಟ್ಟುವುದು ಇಂಥಲ್ಲಿಯೇ.

ಹಾಗೆಂದು ಎಲ್ಲವನ್ನೂ ಉಳಿಸಹೊರಡುವುದು ಹುಂಬತನ. ಘಟ್ಟದ ಇಳಿಜಾರಿನಲ್ಲಿ ಸವಾರನ ಜೀವ ನಿಂತಿರುವುದು ಮುಂದಿನ ಫೋರ್ಕಿನ ಮೇಲೆ. ಅದು ಬಾಗಿದ್ದರೆ ಬಡಿದು ನೆಟ್ಟಗೆ ಮಾಡಿಸಬಾರದು, ಬದಲಿಸಬೇಕು. ಮಳೆನೀರು ಒಳಗೇ ನಿಂತು, ಪೆಡಲಿನ ಬುಡದ ಕೊಳವೆ ಮೊಳೆಯ ತುದಿಗೇ ಕುಸಿಯುವಷ್ಟು ತುಕ್ಕು ತಿಂದಿದ್ದರೆ ಬೆಸುಗೆ ಹಿಡಿಯಲು ಲೋಹವೇ ಉಳಿದಿರುವುದಿಲ್ಲ. ಅಲ್ಯೂಮಿನಿಯಂ ಫ್ರೇಮಿನ ಜಾತಿಯೇ ಬೇರೆ. ಬೆಸುಗೆಯ ಶಾಖಕ್ಕೆ ಅದರ ಬಲ ಕುಂದುತ್ತದೆ. ಮರಳಿ ಹದಗೊಳಿಸುವ ಸಾಧನ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಸಿಗದು. ಅಯಸ್ಕಾಂತ ಹಿಡಿದು ನೋಡಿದರೆ ಸಾಕು, ಅಂಟದ ಫ್ರೇಮಿಗೆ ಊರಿನ ಬೆಸುಗೆಯ ಮಾತು ಬೇಡ. ‘ಹಗುರ’ ಎಂದು ಹೊಗಳಿ ವಿದ್ಯಾರ್ಥಿಗಳಿಗೆ ಅಲ್ಯೂಮಿನಿಯಂ ಸೈಕಲ್ಲು ಮಾರುವವರು ಈ ಸಂಗತಿಯನ್ನೂ ಹೇಳಬೇಡವೇ?

ಕೇಂದ್ರ ಸರ್ಕಾರವು 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿದಾಗ ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ಮೋಟಾರು ವಾಹನಗಳನ್ನು ಹೆಸರಿಸಿತು, ಬಡವನ ಸೈಕಲ್ಲು ನೆನಪಾಗಲಿಲ್ಲ. ದೆಹಲಿಗೆ ನೆನಪಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಐಟಿಐಗಳ ವೆಲ್ಡರ್ ತರಬೇತಿಯಲ್ಲಿ ಹಿತ್ತಾಳೆ ಬೆಸುಗೆ ಪಾಠದಲ್ಲೇ ಇದೆ. ತಿಂಗಳಿಗೊಂದು ದಿನ ಆ ಕಾರ್ಯಾಗಾರಗಳ ಬಾಗಿಲು ಊರಿನ ಮುರಿದ ಫ್ರೇಮುಗಳಿಗೂ ತೆರೆಯಲೆಂದು ಗ್ರಾಮಸಭೆಗಳು ಠರಾವು ಮಾಡಲಿ, ವಿದ್ಯಾರ್ಥಿಗಳು ಅದನ್ನು ಹಿಡಿದು ಪ್ರಾಂಶುಪಾಲರ ಬಳಿಗೆ ಹೋಗಲಿ.